ನೆರೆಗಾಗಿ ಕಾಯುವ ಊರು

ಈ ಊರಿನ ಹೊಳೆಯ ಮೇಲೆ ಮನೆ ಕಟ್ಟುವವರು ಪಾಯ ತೋಡುವುದಿಲ್ಲ, ಪೀಪಾಯಿ ಜೋಡಿಸುತ್ತಾರೆ. ಖಾಲಿ ಪೀಪಾಯಿಗಳ ಮೇಲೆ ಮರದ ಹಾಸು, ಅದರ ಮೇಲೆ ತಗಡಿನ ಮಾಡು, ಜಗುಲಿಗೆ ಕಟ್ಟಿದ ಒಂದು ಬಲೆಯ ಜೋಲಿ, ನಾಲ್ಕು ಹೂಕುಂಡ, ಕಂಡವರಿಗೆಲ್ಲ ಬೊಗಳುವ ಒಂದು ನಾಯಿ, ಒಳಗೆ ಟಿ.ವಿ. ನೋಡಲು ಎಲ್ಲ ಮನೆಗಳಂತೆ ಇದೂ ಒಂದು ಮನೆ. ಆದರೆ ನೆಲದಲ್ಲಿ ಚೌಕಾಕಾರದ ಒಂದು ಬಾಗಿಲಿದೆ. ಮನೆಯಾಕೆ ಅದನ್ನೆತ್ತಿ ಒಂದು ಬೊಗಸೆ ಮೇವು ಎರಚಿದರೆ ಸಾಕು, ಕೆಳಗಿನ ಕಂದು ನೀರು ಒಮ್ಮೆಲೇ ಕುದಿಯತೊಡಗುತ್ತದೆ. ಸಾವಿರಾರು ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದು ಮೇಲೆದ್ದು, ಸುತ್ತ ನಿಂತವರ ಬಟ್ಟೆ ಒದ್ದೆ ಮಾಡಿ, ಮೇವು ಮುಗಿದೊಡನೆ ಏನೂ ಆಗಿಲ್ಲವೆಂಬಂತೆ ತಳ ಸೇರುತ್ತವೆ. ಮನೆಯಾಕೆ ಬಾಗಿಲು ಮುಚ್ಚಿ ಅದರ ಮೇಲೆ ಚಾಪೆ ಎಳೆಯುತ್ತಾಳೆ. ಮೇಲೆ ಸಂಸಾರ, ಕೆಳಗೆ ಬಂಡವಾಳ.

ವಿಯೆಟ್ನಾಮಿನ ದಕ್ಷಿಣ ಭಾಗದಲ್ಲಿ, ಕಾಂಬೋಡಿಯಾದ ಗಡಿಗೆ ಬೆನ್ನು ತಾಗಿಸಿಕೊಂಡಂತೆ ಕುಳಿತಿರುವ ಚೌಡೊಕ್ ಎಂಬ ಈ ಊರಿಗೆ ಬರುವ ವಿದೇಶಿ ಪ್ರವಾಸಿಗರಲ್ಲಿ ಹೆಚ್ಚಿನವರು ಒಂದೇ ರಾತ್ರಿ ತಂಗುತ್ತಾರೆ. ಸಂಜೆ ಬಸ್ಸಿಳಿದು, ಮರುದಿನ ಬೆಳಿಗ್ಗೆ ಎರಡು ಗಂಟೆ ದೋಣಿಯಲ್ಲಿ ಸುತ್ತಿ, ಗಡಿ ದಾಟಿ ನಾಮ್ ಪೆನ್‌ಗೆ ಹೊರಟುಬಿಡುತ್ತಾರೆ. ದೋಣಿಯವನು ತೋರಿಸುವುದು ಮೂರೋ ನಾಲ್ಕೋ ಜಾಗಗಳನ್ನು. ಚಿತ್ರ ತೆಗೆಯಲು ಅಷ್ಟು ಸಾಕು. ಆದರೆ ಆ ಎರಡು ಗಂಟೆಯಲ್ಲಿ ಕಾಣುವ ಒಂದೊಂದರ ಹಿಂದೆಯೂ ಇರುವುದು ಒಂದೇ ಸಂಗತಿ: ವರ್ಷಕ್ಕೊಮ್ಮೆ ಬಂದು ಹೋಗುವ ನೀರು. ಈಗ ಆ ನೀರೇ ಹೇಳಿದ ಹೊತ್ತಿಗೆ ಬರುತ್ತಿಲ್ಲ.

ಹೋ ಚಿ ಮಿನ್ ನಗರದಿಂದ ಚೌಡೊಕ್ ಸುಮಾರು 250 ಕಿಲೋಮೀಟರ್. ಮೊದಲೆಲ್ಲ ದಾರಿಯ ದೊಡ್ಡ ಹೊಳೆಗಳ ಬಳಿ ಬಸ್ಸು ಲಾರಿಗಳು ಕಟ್ಟೆದೋಣಿಗಾಗಿ ಸಾಲುಗಟ್ಟಿ ನಿಲ್ಲಬೇಕಿತ್ತು. 2018ರಲ್ಲಿ ಕಾವ್ ಲಾನ್ ಸೇತುವೆ, 2019ರಲ್ಲಿ ವಾಮ್ ಕೊಂಗ್ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿತು. ದಾರಿಯುದ್ದಕ್ಕೂ ಬತ್ತದ ಗದ್ದೆ, ಕಾಲುವೆ, ಮತ್ತೆ ಗದ್ದೆ. ಗುಡ್ಡವೆಂಬುದೇ ಇಲ್ಲ. ನೆಲ ಅಷ್ಟು ಸಮತಟ್ಟು. ಯಾರೋ ಲಟ್ಟಣಿಗೆ ಎಳೆದಂತೆ. ಹೀಗೆ ತಾಸುಗಟ್ಟಲೆ ಸಾಗಿ, ಕಣ್ಣಿಗೆ ಬೇಸರ ಬರುವ ಹೊತ್ತಿಗೆ ದೂರದಲ್ಲಿ ಒಂದು ಬೆಟ್ಟ ಎದ್ದು ನಿಲ್ಲುತ್ತದೆ. ಅದು ಸಾಮ್ ಬೆಟ್ಟ. ಅದು ಕಂಡರೆ ಚೌಡೊಕ್ ಬಂತೆಂದೇ ಅರ್ಥ.

ಆಡಳಿತದ ಕಡತದಲ್ಲಿ ಈಗ ಈ ಹೆಸರಿನ ನಗರವಿಲ್ಲ. 2025ರ ಜುಲೈ 1ರಿಂದ ವಿಯೆಟ್ನಾಂ ಸರ್ಕಾರ ತನ್ನ ಪ್ರಾಂತಗಳನ್ನು ಒಗ್ಗೂಡಿಸಿ, ಜಿಲ್ಲಾ ಮಟ್ಟವನ್ನೇ ತೆಗೆದುಹಾಕಿತು. ಆನ್ ಜಾಂಗ್ ಪ್ರಾಂತಕ್ಕೆ ನೆರೆಯ ಕಿಯೆನ್ ಜಾಂಗ್ ಸೇರಿತು. ಚೌಡೊಕ್ ನಗರ ಒಡೆದು ಎರಡು ವಾರ್ಡುಗಳಾಯಿತು. ಊರಿನವರಿಗೆ ಇದರಿಂದ ಹೆಚ್ಚು ವ್ಯತ್ಯಾಸವೇನೂ ಆದಂತಿಲ್ಲ. ಇನ್ನೂರು ವರ್ಷಗಳಲ್ಲಿ ಈ ಊರು ಬಹಳ ಹೆಸರುಗಳನ್ನೂ ಬಹಳ ಒಡೆಯರನ್ನೂ ಕಂಡಿದೆ. ಖ್ಮೇರ್ ಜನ ಇದನ್ನು ಕರೆಯುವ ಹಳೆಯ ಹೆಸರಿಗೆ ‘ಹಂದಿಯ ಬಾಯಿ’ ಎಂದು ಅರ್ಥ!

ಊರನ್ನು ಸಾಕುತ್ತಿರುವುದು ಹೌ ನದಿ. ಟಿಬೆಟ್ಟಿನ ಎತ್ತರದಲ್ಲಿ ಹುಟ್ಟಿ, ಚೀನಾ ಇಳಿದು, ಬರ್ಮಾ, ಲಾವೋಸ್, ಥಾಯ್ಲೆಂಡ್‌ಗಳನ್ನು ತಾಗಿ, ಕಾಂಬೋಡಿಯಾಕ್ಕೆ ಬರುವ ಮೆಕಾಂಗ್ ನದಿ ನಾಮ್ ಪೆನ್ ನಗರದ ಬಳಿ ಕವಲೊಡೆಯುತ್ತದೆ. ಎರಡು ಕವಲುಗಳೂ ವಿಯೆಟ್ನಾಮನ್ನು ಹೊಕ್ಕು, ಒಂದು ತಿಯೆನ್ ಎಂದೂ ಇನ್ನೊಂದು ಹೌ ಎಂದೂ ಹೆಸರು ಪಡೆದು, ಮುಂದೆ ಮತ್ತೂ ಕವಲಾಗಿ ಕಡಲು ಸೇರುತ್ತವೆ. ವಿಯೆಟ್ನಾಮಿಗಳು ಇಡೀ ನದಿಗೆ ಇಟ್ಟ ಹೆಸರು ‘ಒಂಬತ್ತು ಡ್ರ್ಯಾಗನ್‌ಗಳು’. ಚೌಡೊಕ್ ಇರುವುದು ಹೌ ನದಿ ಗಡಿ ದಾಟಿ ಬಂದೊಡನೆ ಸಿಗುವ ಜಾಗದಲ್ಲಿ. ಕಾಂಬೋಡಿಯಾದಲ್ಲಿ ಮಳೆ ಹೆಚ್ಚಾದರೂ ಕಡಿಮೆಯಾದರೂ ಮೊದಲು ಗೊತ್ತಾಗುವುದು ಇಲ್ಲಿಯವರಿಗೆ.

ಬೆಳಿಗ್ಗೆ ಆರಕ್ಕೇ ನದಿದಂಡೆಯ ಉದ್ಯಾನದಲ್ಲಿ ದೋಣಿಯವರು ಗಿರಾಕಿಗಳಿಗಾಗಿ ಕಾದಿರುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ಚೌಕಾಸಿಯಲ್ಲಿ ಅವರನ್ನು ಗೆಲ್ಲುವುದು ಕಷ್ಟ. ದೊಡ್ಡ ದೋಣಿಯಲ್ಲಿ ಕುರ್ಚಿಯೂ ಮಾಡೂ ಇರುತ್ತವೆ. ಆದರೆ ನೋಡುವ ಮನಸ್ಸಿದ್ದವರಿಗೆ ಚಿಕ್ಕ ದೋಣಿಯೇ ಸರಿ. ಅದರ ಹಿಂಬದಿಯಲ್ಲಿ ಉದ್ದನೆಯ ಸರಳಿನ ತುದಿಗೆ ಪಂಖವಿರುವ ಮೋಟಾರು. ಬೇಕೆಂದಾಗ ಸರಳನ್ನೆತ್ತಿ ಪಂಖವನ್ನು ನೀರಿನಿಂದ ಹೊರಗೆ ತೆಗೆಯಬಹುದು. ಕಳೆ ತುಂಬಿದ ಕಾಲುವೆಯಲ್ಲಿ ಇದಕ್ಕಿಂತ ಅನುಕೂಲದ ಯಂತ್ರವಿಲ್ಲ. ಇಲ್ಲಿಯವರು ಅದನ್ನು ‘ಸೀಗಡಿ ಬಾಲ’ ಎನ್ನುತ್ತಾರೆ. ದೋಣಿಯ ಮೂತಿಯ ಎರಡು ಬದಿಗೂ ಕಣ್ಣು ಬರೆದಿರುವುದು ಈ ಸೀಮೆಯ ಪದ್ಧತಿ. ದಾರಿ ಕಾಣಬೇಕಲ್ಲ ಎಂಬುದು ಒಂದು ವಿವರಣೆ. ಹಿಂದೆ ಮೊಸಳೆಗಳನ್ನು ಹೆದರಿಸಲು ಬರೆಯುತ್ತಿದ್ದರು ಎಂಬುದು ಇನ್ನೊಂದು.

ದೋಣಿ ಹೊರಟು ಹತ್ತು ನಿಮಿಷಕ್ಕೆ ತೇಲುವ ಮನೆಗಳ ಸಾಲು ಎದುರಾಗುತ್ತದೆ. ಬಟ್ಟೆ ಒಗೆಯುವವರು, ಹಲ್ಲುಜ್ಜುವವರು, ಸಮವಸ್ತ್ರ ತೊಟ್ಟು ದೋಣಿಗೆ ಕಾಯುವ ಶಾಲೆಯ ಮಕ್ಕಳು. ತೇಲುವ ಪೆಟ್ರೋಲ್ ಬಂಕೂ ಉಂಟು. ಮೀನು ಸಾಕುವ ಮನೆಗಳೆಲ್ಲಕ್ಕೂ ಕೆಳಗೆ ಪಂಜರವಿದೆ. ಹರಿಯುವ ನದಿಯೇ ನೀರು ಬದಲಿಸುತ್ತದೆ, ಕೊಳೆ ಒಯ್ಯುತ್ತದೆ. ಸಾಕುವವರ ಕೆಲಸ ಮೇವು ಹಾಕುವುದು ಮತ್ತು ಕಾವಲಿರುವುದು. ಕಾಂಬೋಡಿಯಾದ ಮಹಾಸರೋವರದಲ್ಲಿ ಮೀನು ಹಿಡಿಯುತ್ತಿದ್ದ ವಿಯೆಟ್ನಾಮಿಗಳು ಈ ವಿದ್ಯೆಯನ್ನು 1960ರ ಸುಮಾರಿಗೆ ಇಲ್ಲಿಗೆ ತಂದರು. ‘ಬಾಸಾ’ ಮತ್ತು ‘ತ್ರಾ’ ಎಂಬ ಎರಡು ಜಾತಿಗಳು ಮುಖ್ಯ. ಎರಡಕ್ಕೂ ಚಿಪ್ಪಿಲ್ಲ, ಬೆಕ್ಕಿನಂತೆ ಮೀಸೆಯಿದೆ. ಮೊದಲು ಮರಿಗಳನ್ನು ನೆರೆಯ ನೀರಿನಲ್ಲೇ ಹಿಡಿಯಬೇಕಿತ್ತು. 1990ರ ದಶಕದಲ್ಲಿ ಕೃತಕವಾಗಿ ಮರಿ ಮಾಡಿಸುವುದು ಕೈಗೂಡಿದ ಮೇಲೆ ಈ ಮೀನು ಹಡಗೇರಿ ದೇಶದೇಶಕ್ಕೆ ಹೋಯಿತು. ನದಿದಂಡೆಯಲ್ಲಿ ಬಾಸಾ ಮೀನಿಗೊಂದು ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ಅನ್ನ ಕೊಟ್ಟ ಮೀನನ್ನು ಹೀಗೆ ನೆನೆಯುವ ಊರು ಅಪರೂಪ.

ಹೀಗೆ ಹೋದ ಮೀನಿನ ಮೇಲೆ ಅಮೆರಿಕದಲ್ಲಿ ಒಂದು ಜಗಳವೇ ನಡೆಯಿತು. ಅಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ ‘ಕ್ಯಾಟ್‌ಫಿಶ್’ ಸಾಕುವ ರೈತರಿಗೆ ವಿಯೆಟ್ನಾಮಿನ ಅಗ್ಗದ ಮೀನು ಹೊಟ್ಟೆಯ ಮೇಲೆ ಹೊಡೆತವಾಯಿತು. 2002ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ತಮ್ಮ ದೇಶದ ಜಾತಿಗೆ ಮಾತ್ರ ಆ ಹೆಸರು, ಬೇರೆಯದಕ್ಕೆ ಕೂಡದು ಎಂದಿತು. 2003ರಲ್ಲಿ ಸುಂಕವೂ ಬಿತ್ತು. ಬಾಸಾ ಎಂಬ ಹೆಸರಿನಲ್ಲೇ ಮೀನು ಬೇರೆ ದೇಶಗಳ ಅಂಗಡಿ ಸೇರಿತು. ಇಂದು ಭಾರತದ ಹೋಟೆಲುಗಳ ಊಟದ ಪಟ್ಟಿಯಲ್ಲೂ ಆ ಹೆಸರಿದೆ. ಆದರೆ ವ್ಯಾಪಾರ ಬೆಳೆದಷ್ಟೂ ಅದು ಹೊಳೆಯಿಂದ ದಡಕ್ಕೆ ಏರಿತು. ರಫ್ತಾಗುವ ಮೀನಿನಲ್ಲಿ ಬಹುಪಾಲು ಈಗ ನೆಲದ ಮೇಲೆ ತೋಡಿದ ದೊಡ್ಡ ಕೊಳಗಳದ್ದು. ಮೇವಿನ ಬೆಲೆಗೂ ಮೀನಿನ ಬೆಲೆಗೂ ತಾಳೆಯಾಗದೆ ಪಂಜರ ಖಾಲಿ ಬಿಟ್ಟವರು ಅನೇಕರು. ಇತ್ತೀಚಿನ ವರ್ಷಗಳಲ್ಲಿ ನದಿಗಳು ಕೂಡುವ ಕಡೆಯ ತೇಲುಮನೆಗಳಿಗೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದು ಪ್ರವಾಸಿಗರನ್ನು ಕರೆಯುತ್ತಿದ್ದಾರೆ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಮೀನಿನಿಂದ ಬದುಕುತ್ತಿದ್ದ ಮನೆ ಮೀನು ತೋರಿಸಿ ಬದುಕುವ ಮನೆಯಾಗುವುದರಲ್ಲಿ ಒಂದು ಬಗೆಯ ಇಳಿತವೂ ಇದೆ.

ಇನ್ನು ನೀರಿನ ವಿಚಾರ. ಕನ್ನಡದಲ್ಲಿ ‘ನೆರೆ’ ಎಂದೊಡನೆ ಮುಳುಗಿದ ಮನೆ, ಕೊಚ್ಚಿಹೋದ ದನಕರು, ಗಂಜಿ ಕೇಂದ್ರ ಕಣ್ಣ ಮುಂದೆ ಬರುತ್ತವೆ. ಮೆಕಾಂಗ್ ಬಯಲಿನ ರೈತರು ತಮ್ಮ ಊರಿನ ನೆರೆಗೆ ಬಳಸುವ ಮಾತಿಗೆ ‘ನೀರು ತೇಲಿ ಬರುವ ಕಾಲ’ ಎಂದು ಅರ್ಥ. ಬೇಸಿಗೆ ಕಾಲ, ಮಳೆಗಾಲ ಎಂದಂತೆ ಅದೂ ಒಂದು ಕಾಲ. ಬೆಟ್ಟದಿಂದ ಧುಮುಕುವ ಪ್ರವಾಹ ಅದಲ್ಲ. ಜುಲೈ, ಆಗಸ್ಟ್‌ನಲ್ಲಿ ದಿನಕ್ಕೆ ಕೆಲವು ಅಂಗುಲದಂತೆ ಏರುತ್ತ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಗದ್ದೆ ಕಾಣುವುದಿಲ್ಲ. ಗಡಿಯವರೆಗೂ ಒಂದೇ ಕೆರೆ, ಅಲ್ಲಲ್ಲಿ ತಾಳೆ ಮರದ ತಲೆಗಳು. ನವೆಂಬರ್ ದಾಟಿದ ಮೇಲೆ ಬಂದಷ್ಟೇ ನಿಧಾನವಾಗಿ ಇಳಿಯುತ್ತದೆ. ಕನ್ನಡದ ‘ನೆರೆ’ ಎಂಬ ಪದಕ್ಕೆ ನೆರೆಮನೆಯವನು ಎಂಬ ಇನ್ನೊಂದು ಅರ್ಥವಿದೆಯಲ್ಲ, ಚೌಡೊಕ್‌ನ ನೀರಿಗೆ ಅದೇ ಹೆಚ್ಚು ಒಪ್ಪುತ್ತದೆ.

ಈ ನಿಧಾನಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. ಭೂಗೋಳದ ವಿದ್ಯಾರ್ಥಿಗಳು ನಕ್ಷೆ ತೆರೆದು ನೋಡಬೇಕಾದದ್ದು. ಕಾಂಬೋಡಿಯಾದ ನಡುವೆ ತೋನ್ಲೆ ಸಾಪ್ ಎಂಬ ಮಹಾಸರೋವರವಿದೆ. ಅದರಿಂದ ಹೊರಡುವ ನದಿ ನಾಮ್ ಪೆನ್ ಬಳಿ ಮೆಕಾಂಗನ್ನು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಎತ್ತರವಾದಾಗ ಆ ನದಿ ತಿರುಗಿ ಹಿಂದಕ್ಕೆ ಹರಿದು ಸರೋವರವನ್ನು ತುಂಬುತ್ತದೆ. ಸರೋವರ ತನ್ನ ಬೇಸಿಗೆಯ ಹರವಿನ ಹಲವು ಪಟ್ಟು ಅಗಲವಾಗುತ್ತದೆ. ಮಳೆ ಮುಗಿದು ಮೆಕಾಂಗ್ ತಗ್ಗಿದಾಗ ನದಿ ಮತ್ತೆ ಮುಂದಕ್ಕೆ ಹರಿಯತೊಡಗಿ, ಕೂಡಿಟ್ಟ ನೀರನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಮನುಷ್ಯ ಕಟ್ಟದ ಅಣೆಕಟ್ಟು ಅದು. ಆ ನೀರಿನ ಜೊತೆ ಬರುವುದು ಮೀನು, ಮರಿ, ಮತ್ತು ಗದ್ದೆಗೆ ಹರಡುವ ಮೆಕ್ಕಲು ಮಣ್ಣು. ಮೆಕ್ಕಲು ಬಿದ್ದ ವರ್ಷ ಗೊಬ್ಬರದ ಖರ್ಚು ಉಳಿಯುತ್ತದೆ. ನಿಂತ ನೀರಿಗೆ ಹೊಲದ ಇಲಿಗಳೂ ಕಳೆಯೂ ಸಾಯುತ್ತವೆ.

ನೀರು ಬಂದಿತೆಂದು ಅಡುಗೆಮನೆಗೆ ಮೊದಲು ತಿಳಿಸುವುದು ‘ಲಿನ್’ ಎಂಬ ಬೆರಳುದ್ದದ ಬೆಳ್ಳಿ ಮೀನು. ನೆರೆಯ ಮೊದಲ ನೀರಿನೊಡನೆ ಗುಂಪುಗುಂಪಾಗಿ ಇಳಿಯುವ ಇದರ ಎಳೆಯ ಮರಿಗಳು ಮುಳ್ಳಿನ ಸಮೇತ ತಿನ್ನುವಷ್ಟು ಮೃದು. ಅದೇ ಹೊತ್ತಿಗೆ ನೀರಂಚಿನ ಪೊದೆಗಳಲ್ಲಿ ಹಳದಿ ಹೂ ಬಿಡುತ್ತದೆ. ಪಲ್ಯಕ್ಕಾಗುವ ಅಗಸೆ ಹೂವಿನ ಹತ್ತಿರದ ಬಂಧು ಅದು. ಹುಣಸೆ ಹುಳಿಯ ಸಾರಿನಲ್ಲಿ ಈ ಮೀನು, ಈ ಹೂವು ಎರಡೂ ಕೂಡಿದರೆ ಆ ಕಾಲದ ಊಟ. ಉಳಿದ ತಿಂಗಳುಗಳಿಗೆ ಮೀನನ್ನು ಉಪ್ಪಿನಲ್ಲಿ ಹುದುಗಿಸಿ, ಹುರಿದಕ್ಕಿಯ ಹಿಟ್ಟು, ತಾಳೆ ಬೆಲ್ಲ ಸೇರಿಸಿ ಇಡುತ್ತಾರೆ. ‘ಮಾಮ್’ ಎಂಬ ಈ ಪದಾರ್ಥಕ್ಕೆ ಚೌಡೊಕ್ ಮಾರುಕಟ್ಟೆ ದೇಶದಲ್ಲೇ ಹೆಸರುವಾಸಿ. ಗೋಪುರದಂತೆ ಪೇರಿಸಿಟ್ಟ ಬೋಗುಣಿಗಳು, ಕೆಂಪು, ಕಂದು, ಕಪ್ಪು, ಹತ್ತಾರು ಬಗೆ. ವಾಸನೆ ಮಾತ್ರ ಎರಡು ಬೀದಿಯಾಚೆಯಿಂದಲೇ ಮೂಗಿಗೆ ಬಡಿಯುತ್ತದೆ. ಒಗ್ಗದವರು ಅರಿಸಿನ ಹಾಕಿ ಮಾಡುವ ಮೀನಿನ ಶಾವಿಗೆ ಸಾರು ಕುಡಿಯಬಹುದು. ಸಸ್ಯಾಹಾರಿಗಳಿಗೂ ಇಲ್ಲಿ ಉಪವಾಸವಿಲ್ಲ: ಬೌದ್ಧರು ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುವ ರೂಢಿಯಿರುವುದರಿಂದ ‘ಚಾಯ್’ ಎಂದು ಬರೆದ ಊಟದಂಗಡಿಗಳು ಸಿಗುತ್ತವೆ. ಆ ಒಂದು ಪದ ಕಲಿತು ಹೋದರೆ ಸಾಕು. ಅದನ್ನು ಟೀ ಎಂದುಕೊಳ್ಳಬಾರದು, ಅಷ್ಟೆ.

ದೋಣಿಯ ಮುಂದಿನ ನಿಲುಗಡೆ ಚಾಮ್ ಜನರ ಹಳ್ಳಿ. ಹಲಗೆಯ ಕಾಲುಹಾದಿ, ಅದರಾಚೆ ಎತ್ತರದ ಕಂಬಗಳ ಮೇಲೆ ನಿಂತ ಮರದ ಮನೆಗಳು, ಹಸಿರು ಗುಮ್ಮಟದ ಮಸೀದಿ, ಲುಂಗಿ ಉಟ್ಟ ಗಂಡಸರು, ತಲೆಗೆ ವಸ್ತ್ರ ಹೊದ್ದು ಮಗ್ಗದ ಮುಂದೆ ಕುಳಿತ ಹೆಂಗಸರು. ಇವರ ಪೂರ್ವಜರು ಒಂದು ಕಾಲಕ್ಕೆ ಮಧ್ಯ ವಿಯೆಟ್ನಾಮಿನ ಕರಾವಳಿಯನ್ನು ಆಳಿದ ಚಂಪಾ ರಾಜ್ಯದವರು. ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಪೂಜಿಸಿ, ಕಲ್ಲಿನ ಮೇಲೆ ಸಂಸ್ಕೃತದಲ್ಲಿ ಶಾಸನ ಕೆತ್ತಿಸಿದವರು. ರಾಜ್ಯ ಹೋದ ಮೇಲೆ ಚದುರಿ, ಕೆಲವರು ಕಾಂಬೋಡಿಯಾ ಸೇರಿ, ಮುಸಲ್ಮಾನರಾಗಿ, ಅಲ್ಲಿಂದ ಈ ನದಿದಂಡೆಗೆ ಬಂದು ನೆಲೆಸಿದರು. ಪಕ್ಕದ ತಾನ್ ಚೌ ಊರು ರೇಷ್ಮೆಗೆ ಹೆಸರಾದದ್ದು. ಅಲ್ಲಿ ಒಂದು ಬಗೆಯ ತೂಬರೆ ಜಾತಿಯ ಕಾಯಿಯ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿ ಕಡುಗಪ್ಪು ರೇಷ್ಮೆ ಮಾಡುತ್ತಾರೆ. 2024ರಲ್ಲಿ ಹೌ ನದಿಗೆ ಚೌಡೊಕ್ ಸೇತುವೆ ಆದ ಮೇಲೆ ಆ ದಡ ರಸ್ತೆಯಲ್ಲೂ ಹತ್ತಿರವಾಗಿದೆ.

ಈ ಹಳ್ಳಿಯಲ್ಲಿ ಪ್ರವಾಸಿಗರಿಗೆ ತಪ್ಪದೆ ತೋರಿಸುವುದು ಒಂದು ಕಂಬವನ್ನು. ಅದರ ಮೇಲೆ ಗೆರೆಗಳಿವೆ, ಒಂದೊಂದರ ಪಕ್ಕಕ್ಕೂ ಇಸವಿಯಿದೆ. ಆಯಾ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬ ಲೆಕ್ಕ. ಎತ್ತರದ ಗೆರೆ 2000ದ್ದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ತಾನ್ ಚೌ ಮಾಪನ ಕೇಂದ್ರದಲ್ಲಿ ನೀರು 5.06 ಮೀಟರ್ ಮುಟ್ಟಿತು. ವಾಡಿಕೆಗಿಂತ ಮುಂಚೆ ಬಂದು, ವಾಡಿಕೆಗಿಂತ ಹೆಚ್ಚು ಏರಿ, ತಿಂಗಳುಗಟ್ಟಲೆ ಇಳಿಯಲೇ ಇಲ್ಲ. ಮೆಕಾಂಗ್ ಬಯಲಿನಲ್ಲಿ ಸತ್ತವರು ನಾನೂರಕ್ಕೂ ಹೆಚ್ಚು ಜನ. ಅವರಲ್ಲಿ ಹೆಚ್ಚಿನವರು ಮಕ್ಕಳು.

ನೆರೆಯನ್ನು ನೆಂಟನೆಂದು ಹೊಗಳುವ ಬರಹಗಳೆಲ್ಲ ಈ ಲೆಕ್ಕದ ಮುಂದೆ ಸ್ವಲ್ಪ ತಡೆಯಬೇಕು. ಕೊಚ್ಚಿಕೊಂಡು ಹೋಗುವ ಪ್ರವಾಹವಲ್ಲದಿದ್ದರೆ ಮಕ್ಕಳು ಹೇಗೆ ಸತ್ತರು? ಕಾರಣ ಸರಳ, ಅದಕ್ಕೇ ಹೆಚ್ಚು ದಾರುಣ. ನೀರು ಬಂದಾಗ ಅಪ್ಪ ಅಮ್ಮ ಇಬ್ಬರೂ ಬಲೆ ಹಾಕಲು, ಸೌದೆ ಸೊಪ್ಪು ಕೂಡಿಸಲು ದೋಣಿಯಲ್ಲಿ ಹೋಗುತ್ತಾರೆ. ಮನೆಯ ಸುತ್ತ ಆಳುದ್ದ ನೀರು. ಪುಟ್ಟ ಮಗು ಹೊಸ್ತಿಲಿನಿಂದ ಜಾರಿದರೆ ನೋಡುವವರಿಲ್ಲ. ಆ ವರ್ಷದ ಬಳಿಕ ಬಯಲಿನ ಪ್ರಾಂತಗಳಲ್ಲಿ ನೆರೆಗಾಲದ ಶಿಶುವಿಹಾರಗಳು ಹೆಚ್ಚಿದವು: ನೀರಿರುವ ತಿಂಗಳುಗಳಲ್ಲಿ, ಎತ್ತರದ ಜಾಗದಲ್ಲಿ, ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವಂಥವು. ಮಕ್ಕಳಿಗೆ ಈಜು ಕಲಿಸುವ ತರಗತಿಗಳು ನಡೆದವು. ಹೊಳೆಯಲ್ಲೇ ಬಿದಿರಿನ ಬೇಲಿ ಕಟ್ಟಿ ಅದರೊಳಗೆ ಪಾಠ. ನೀರಿನ ಊರಲ್ಲಿ ಹುಟ್ಟಿದ ಮಾತ್ರಕ್ಕೆ ಈಜು ಬರುವುದಿಲ್ಲ ಎಂಬುದನ್ನು ಆ ಬಯಲು ಬಹಳ ದುಬಾರಿಯಾಗಿ ಕಲಿಯಿತು. ತಗ್ಗಿನಲ್ಲಿದ್ದ ಕುಟುಂಬಗಳಿಗೆ ಮಣ್ಣು ತುಂಬಿ ಎತ್ತರಿಸಿದ ಬಡಾವಣೆಗಳನ್ನೂ ಸರ್ಕಾರ ಕಟ್ಟಿಸಿತು.

ಇನ್ನೊಂದು ಕೆಲಸವೂ ಆಯಿತು. ಗದ್ದೆಗಳ ಸುತ್ತ ಎತ್ತರದ ಒಡ್ಡು ಎದ್ದಿತು. ನೀರು ಒಳಗೆ ಬರದಿದ್ದರೆ ವರ್ಷಕ್ಕೆ ಎರಡರ ಬದಲು ಮೂರು ಬೆಳೆ. ಬತ್ತ ಹೆಚ್ಚಾಯಿತು, ಕೈಗೆ ದುಡ್ಡೂ ಬಂತು. ಆದರೆ ಒಡ್ಡಿನೊಳಗೆ ಮೆಕ್ಕಲು ಬೀಳಲಿಲ್ಲ, ಮೀನು ಬರಲಿಲ್ಲ, ಗೊಬ್ಬರ ಔಷಧಿಯ ಖರ್ಚು ಏರಿತು. ಕೊನೆಗೆ ಆನ್ ಜಾಂಗ್‌ನಲ್ಲಿ ‘ಮೂರು ವರ್ಷಕ್ಕೆ ಎಂಟು ಬೆಳೆ’ ಎಂಬ ಸೂತ್ರ ಬಂತು. ಅಂದರೆ ಒಂಬತ್ತು ಬೆಳೆ ತೆಗೆಯಬಹುದಾದ ಕಡೆ ಒಂದನ್ನು ಬಿಟ್ಟು, ತೂಬು ತೆರೆದು, ನೆರೆಯನ್ನು ಕೈಮುಗಿದು ಒಳಗೆ ಕರೆಯುವುದು.

ಕರೆದರೂ ಈಗ ನೀರು ಬರಬೇಕಲ್ಲ. 2015ರಲ್ಲಿ ತಾನ್ ಚೌ ಕೇಂದ್ರದಲ್ಲಿ ನೀರು ಮೂರು ಮೀಟರನ್ನೂ ಮುಟ್ಟಲಿಲ್ಲ. 2018ರಲ್ಲಿ ನಾಲ್ಕು ಮೀಟರ್ ದಾಟಿದಾಗ ಜನ ಹಳೆಯ ಬಲೆಗಳನ್ನು ಅಟ್ಟದಿಂದ ಇಳಿಸಿದರು. ಮತ್ತೆ ಕೆಲವು ವರ್ಷ ಸೊರಗಿತು. ಚೀನಾ 1990ರ ದಶಕದಿಂದ ನದಿಯ ಮೇಲ್ಭಾಗದಲ್ಲಿ ಒಂದರ ಹಿಂದೆ ಒಂದು ಅಣೆಕಟ್ಟು ಕಟ್ಟಿದೆ. ಲಾವೋಸಿನ ಸಾಯಾಬುರಿ ಅಣೆಕಟ್ಟು 2019ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿತು. ಮಳೆಯ ಲಹರಿಯೂ ಮೊದಲಿನಂತಿಲ್ಲ. ಅಣೆಕಟ್ಟಿನ ಹಿಂದೆ ಮಣ್ಣು ನಿಂತುಬಿಡುವುದರಿಂದ ಕೆಳಗೆ ಬರುವ ನೀರಿಗೆ ಕೆಂಬಣ್ಣ ಕಡಿಮೆ, ಹಸಿವು ಹೆಚ್ಚು. ಅದು ದಡವನ್ನೇ ತಿನ್ನುತ್ತದೆ. ಇತ್ತ ಕಟ್ಟಡ ಕೆಲಸಕ್ಕೆಂದು ನದಿಯ ತಳದ ಮರಳನ್ನೂ ತೆಗೆಯುತ್ತಾರೆ. 2017ರ ಏಪ್ರಿಲ್‌ನಲ್ಲಿ ಇದೇ ಪ್ರಾಂತದ ವಾಮ್ ನಾವ್ ಹೊಳೆಯ ದಡ ಕುಸಿದು ಹತ್ತಕ್ಕೂ ಹೆಚ್ಚು ಮನೆಗಳು ನೀರಿಗಿಳಿದವು. ಮೀನಿಲ್ಲದೆ, ಜಮೀನಿಲ್ಲದೆ ಮೆಕಾಂಗ್ ಬಯಲು ಬಿಟ್ಟು ಕಾರ್ಖಾನೆಗಳಿರುವ ನಗರಗಳಿಗೆ ಹೋದವರು 2009ರಿಂದ 2019ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು. ಎಷ್ಟೋ ಮನೆಗಳಲ್ಲಿ ಈಗ ಇರುವವರು ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು.

ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಸಾಮ್ ಬೆಟ್ಟಕ್ಕೆ ಹೋಗಬೇಕು. ಊರಿನಿಂದ ಐದಾರು ಕಿಲೋಮೀಟರ್, ನೆಟ್ಟನೆಯ ರಸ್ತೆ. ಎತ್ತರ ಮುನ್ನೂರು ಮೀಟರಿಗೂ ಕಡಿಮೆಯಾದರೂ ಸುತ್ತ ಬೇರೇನೂ ಇಲ್ಲದ್ದರಿಂದ ಹಿಮಾಲಯದ ಗತ್ತು. ಬೆಟ್ಟದ ಬುಡದಲ್ಲಿ ‘ಬಾ ಚುವಾ ಸು’, ಎಂದರೆ ಸೀಮೆಯ ಒಡತಿ, ಎಂಬ ದೇವಿಯ ಗುಡಿ. ದಕ್ಷಿಣ ವಿಯೆಟ್ನಾಮಿನ ಜನ ಲಕ್ಷ ಲಕ್ಷವಾಗಿ ಬಂದು ಹರಕೆ ತೀರಿಸುವ ಜಾಗ ಇದು. ದೇವಿಗೆ ಸೀರೆಯಂತೆ ಇಲ್ಲಿ ಜರತಾರಿ ನಿಲುವಂಗಿಯ ಹರಕೆ. ಇಡೀ ಸುಟ್ಟ ಹಂದಿಯ ನೈವೇದ್ಯವೂ ಉಂಟು. ನಾಲ್ಕನೆಯ ಚಾಂದ್ರಮಾಸದಲ್ಲಿ ಜಾತ್ರೆ, ನಡುರಾತ್ರಿ ಮೂರ್ತಿಗೆ ಸುಗಂಧದ ನೀರಿನ ಅಭಿಷೇಕ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಈ ಉತ್ಸವವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂರ್ತಿ ಮೊದಲು ಬೆಟ್ಟದ ತುದಿಯಲ್ಲಿತ್ತಂತೆ. ಸಯಾಮಿನ ಸೈನಿಕರು ಹೊತ್ತೊಯ್ಯಲು ನೋಡಿ ಸೋತರಂತೆ. ಬಲಿಷ್ಠ ಗಂಡಸರಿಗೂ ಅಲುಗದ್ದನ್ನು ಒಂಬತ್ತು ಕನ್ಯೆಯರು ಸಲೀಸಾಗಿ ಇಳಿಸಿ ತಂದರಂತೆ. ಇದು ಕಥೆ. ವಿದ್ವಾಂಸರು ಹೇಳುವುದು ಬೇರೆ: ಈ ಕಲ್ಲಿನ ಮೂರ್ತಿ ಹಳೆಯ ಓಕ್ ಎಯೊ ಸಂಸ್ಕೃತಿಯ ಕಾಲದ್ದು, ಮೂಲದಲ್ಲಿ ಪುರುಷ ದೇವತೆಯದು, ವಿಷ್ಣುವಿರಬಹುದು, ಶಿವನಿರಬಹುದು. ಓಕ್ ಎಯೊ ಇದೇ ಪ್ರಾಂತದಲ್ಲಿ ಹೂತುಹೋಗಿದ್ದ ಬಂದರು. ಫ್ರೆಂಚ್ ಪುರಾತತ್ವಜ್ಞ ಲೂಯಿ ಮಾಲ್ರೆ 1944ರಲ್ಲಿ ಅಲ್ಲಿ ಅಗೆದಾಗ ಬ್ರಾಹ್ಮೀ ಅಕ್ಷರದ ಮುದ್ರೆಗಳೂ ರೋಮನ್ ಚಕ್ರವರ್ತಿಯ ಪದಕವೂ ಒಂದೇ ಮಣ್ಣಿನಲ್ಲಿ ಸಿಕ್ಕವು. ಭಕ್ತರಿಗೆ ಈ ವಾದದ ಗೊಡವೆಯಿಲ್ಲ. ಅವರಿಗೆ ಅವಳು ತಾಯಿ.

ಗುಡಿಯ ಎದುರಿಗಿರುವುದು ಥ್ವಾಯ್ ನೊಕ್ ಹೌ ಎಂಬ ಅಧಿಕಾರಿಯ ಸಮಾಧಿ. ಬೆಟ್ಟದ ಮೇಲಿಂದ ನೋಡಿದರೆ ಕಾಂಬೋಡಿಯಾದ ಗಡಿಯ ಗುಂಟ ಹಗ್ಗ ಹಿಡಿದು ಎಳೆದಂತೆ ಒಂದು ಕಾಲುವೆ ಕಾಣುತ್ತದೆ. ಚೌಡೊಕ್‌ನಿಂದ ಥಾಯ್ಲೆಂಡ್ ಕೊಲ್ಲಿಯ ಹಾ ತಿಯೆನ್ ಕಡೆಗೆ ಸಾಗುವ ಈ ಕಾಲುವೆಯ ಉದ್ದ 87 ಕಿಲೋಮೀಟರ್. ತೋಡಿಸಿದವನು ಈತ. 1819ರಿಂದ 1824ರವರೆಗೆ ಎಂಬತ್ತು ಸಾವಿರಕ್ಕೂ ಹೆಚ್ಚು ವಿಯೆಟ್ನಾಮಿಗಳೂ ಖ್ಮೇರರೂ ಗುದ್ದಲಿ ಹಿಡಿದರು. ರೋಗದಿಂದ, ದಣಿವಿನಿಂದ ಸತ್ತವರು ಎಷ್ಟೋ. ಕೆಲಸ ಮುಗಿದಾಗ ದೊರೆ ಮಿನ್ ಮಾಂಗ್ ಕಾಲುವೆಗೆ ಅಧಿಕಾರಿಯ ಹೆಂಡತಿಯ ಹೆಸರಿಟ್ಟು ‘ವಿನ್ ತೆ’ ಎಂದು ಕರೆದ. ಹೂವೆ ಅರಮನೆಯಲ್ಲಿ 1830ರ ದಶಕದಲ್ಲಿ ಎರಕ ಹೊಯ್ದ ಒಂಬತ್ತು ಕಂಚಿನ ಹಂಡೆಗಳಲ್ಲಿ ಒಂದರ ಮೇಲೆ ಇದರ ಚಿತ್ರವಿದೆ. ಗಂಡ ಹೆಂಡಿರ ಗೋರಿಯ ಆವರಣದಲ್ಲೇ ಕಾಲುವೆ ತೋಡುತ್ತ ಸತ್ತವರ ಹೆಸರಿಲ್ಲದ ಗೋರಿಗಳೂ ಇವೆ. ಬಸ್ಸಿನಲ್ಲಿ ಬರುವ ಗುಂಪುಗಳು ದೊಡ್ಡ ಸಮಾಧಿಗೆ ಊದಿನಕಡ್ಡಿ ಹಚ್ಚಿ ಹೊರಡುತ್ತವೆ. ಪಕ್ಕಕ್ಕೆ ಹತ್ತು ಹೆಜ್ಜೆ ಇಟ್ಟರೆ ಈ ಚಿಕ್ಕ ದಿಬ್ಬಗಳು ಸಿಗುತ್ತವೆ.

ಗಡಿಯ ಊರಿಗೆ ಗಡಿಯ ಗಾಯವೂ ತಪ್ಪಿದ್ದಲ್ಲ. ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬಾ ಚುಕ್ ಎಂಬ ಊರಿಗೆ 1978ರ ಏಪ್ರಿಲ್‌ನಲ್ಲಿ ಪೋಲ್ ಪಾಟ್‌ನ ಸೈನಿಕರು ನುಗ್ಗಿ ಹನ್ನೆರಡು ದಿನಗಳಲ್ಲಿ 3,157 ಜನರನ್ನು ಕೊಂದರು. ಪಗೋಡದಲ್ಲಿ ಅಡಗಿದ್ದವರನ್ನೂ ಬಿಡಲಿಲ್ಲ. ಸತ್ತವರ ತಲೆಬುರುಡೆಗಳನ್ನು ವಯಸ್ಸಿನ ಪ್ರಕಾರ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ. ಕಾಲೇಜಿನ ವಿದ್ಯಾರ್ಥಿಗಳು ನೋಡಿದರೆ ತಪ್ಪಿಲ್ಲ.

ಎರಡನೆಯ ದಿನವೂ ಉಳಿಯುವವರಿಗೆ ತ್ರಾ ಸು ಕಾಡಿದೆ. 845 ಹೆಕ್ಟೇರು ಜವುಗು ನೆಲದಲ್ಲಿ ನೀಲಗಿರಿ ಮರದ ಜ್ಞಾತಿಯಾದ, ಸಿಪ್ಪೆ ಸುಲಿಯುವ ಬಿಳಿ ಕಾಂಡದ ಮರಗಳು ನೀರಿನಲ್ಲೇ ನಿಂತಿವೆ. ಎಲೆಯಿಂದ ತೈಲ ತೆಗೆಯುತ್ತಾರೆ. ವಾಸನೆಯೂ ನೀಲಗಿರಿ ಎಣ್ಣೆಯ ನೆಂಟಸ್ತಿಕೆ ಹೇಳುತ್ತದೆ. ಸ್ವಲ್ಪ ದೂರ ಮೋಟಾರು ದೋಣಿ, ಅಲ್ಲಿಂದ ಹುಟ್ಟು ಹಾಕುವ ಪುಟ್ಟ ದೋಣಿ. ನೀರನ್ನೆಲ್ಲ ಹಸಿರು ಪಾಚಿಯಂಥ ಸಣ್ಣೆಲೆ ಮುಚ್ಚಿರುವುದರಿಂದ ದೋಣಿ ಜಮಖಾನೆಯ ಮೇಲೆ ಜಾರಿದಂತಿರುತ್ತದೆ. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ ಬೇಕಾದಷ್ಟು. ಸಂಜೆ ನಾಲ್ಕರ ಮೇಲೆ ಹೋದರೆ ಗೂಡಿಗೆ ಮರಳುವ ಹಿಂಡು ಸಿಗುತ್ತದೆ. ಗದ್ದಲ ಮಾಡುವ ಗುಂಪಿನೊಡನೆ ಹೋದರೆ ಟಿಕೆಟಿನ ದುಡ್ಡು ದಂಡ.

ಹೋಗಬೇಕಾದ ಕಾಲ ಸೆಪ್ಟೆಂಬರಿನಿಂದ ನವೆಂಬರ್. ನೀರು ಎಷ್ಟು ಬಂದಿರುತ್ತದೋ ಅಷ್ಟು ಆಗ ಕಾಣುತ್ತದೆ. ಮಕ್ಕಳಿದ್ದರೆ ತೇಲುಜಾಕೀಟು ಇರುವ ದೋಣಿಯನ್ನೇ ಹಿಡಿಯಬೇಕು. ಸಾಮಾನ್ಯವಾಗಿ ಆಸನದ ಕೆಳಗೆ ತುರುಕಿರುತ್ತಾರೆ, ಕೇಳಿ ತೆಗೆಸಿ ತೊಡಿಸಬೇಕು. ತೇಲುಮನೆಗೆ ಕಾಲಿಡುವಾಗ ಚಪ್ಪಲಿ ಹೊರಗೆ, ಮಸೀದಿಗೆ ಹೋಗುವವರಿಗೆ ಮೊಣಕಾಲು ಮುಚ್ಚುವ ಬಟ್ಟೆ. ಒಳಗೆ ಜೋಲಿಯಲ್ಲಿ ಯಾರಾದರೂ ಮಲಗಿದ್ದರೆ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದು ಒಳ್ಳೆಯದು. ಚಾಮ್ ಹಳ್ಳಿಯ ಹಲಗೆಯ ಮೇಲೆ ಮಕ್ಕಳು ಬುಟ್ಟಿಯಲ್ಲಿ ಸಿಹಿತಿಂಡಿ ಹಿಡಿದು ಹಿಂದೆ ಬೀಳುತ್ತಾರೆ. ಶಾಲೆಯ ಹೊತ್ತಿನಲ್ಲಿ ಅವರಿಂದ ಕೊಳ್ಳುವುದು ಉಪಕಾರವೋ ಅಪಕಾರವೋ, ಹೆತ್ತವರೇ ತೀರ್ಮಾನಿಸಬೇಕು. ಮಗ್ಗದ ಮುಂದೆ ಕುಳಿತ ತಾಯಿಯಿಂದ ಒಂದು ವಸ್ತ್ರ ಕೊಂಡರೆ ಆ ಪೇಚಾಟವಿಲ್ಲ.

ನಾಮ್ ಪೆನ್‌ಗೆ ಹೋಗುವ ವೇಗದ ದೋಣಿ ಬೆಳಿಗ್ಗೆ ಬೇಗನೆ ಹೊರಡುತ್ತದೆ. ಐದು ತಾಸಿನ ದಾರಿ, ನಡುವೆ ನದಿದಂಡೆಯ ಗಡಿಕಟ್ಟೆಯಲ್ಲಿ ಇಳಿದು ಪಾಸ್‌ಪೋರ್ಟಿಗೆ ಮುದ್ರೆ. ವೀಸಾದ ಕಾಗದ, ಶುಲ್ಕ, ಮೊದಲೇ ಸಿದ್ಧವಿರಲಿ. ದೋಣಿ ಹೊರಟಾಗ ಎಡಬಲದ ತೇಲುಮನೆಗಳಲ್ಲಿ ನೆಲದ ಬಾಗಿಲುಗಳು ತೆರೆದಿರುತ್ತವೆ. ಅದು ಮೀನಿಗೆ ಮೇವು ಹಾಕುವ ಹೊತ್ತು.